ಚುನಾವಣೆಯಲ್ಲಿ ಹಣ ಮತ್ತು ಮಾತು: ಗಡಿನಾಡ ಕನ್ನಡಿಗರು ತಿಳಿದಿರಬೇಕಾದ ಕಾನೂನು

ಸೊಲ್ಲಾಪುರ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ನಮ್ಮ ಸದಸ್ಯರ ಪಾಲಿಗೆ ಚುನಾವಣೆ ಎಂಬುದು ಐದು ವರ್ಷಕ್ಕೊಮ್ಮೆ ಬಂದು ಹೋಗುವ ಸಂಗತಿಯಲ್ಲ. ಗ್ರಾಮ ಪಂಚಾಯತಿ, ಪಂಚಾಯತ ಸಮಿತಿ, ಜಿಲ್ಲಾ ಪರಿಷತ್ತು, ನಗರ ಪರಿಷತ್ತು, ಮಹಾನಗರ ಪಾಲಿಕೆ, ವಿಧಾನಸಭೆ, ಲೋಕಸಭೆ ಹೀಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತಲೇ ಇರುತ್ತದೆ. ಇಂಡಿ, ಅಫಜಲಪುರ, ಆಳಂದ, ವಿಜಯಪುರ, ಕಲಬುರಗಿ ಕಡೆಗೆ ಬೀಗರು ನೆಂಟರು ಇರುವುದರಿಂದ ಅಲ್ಲಿ ಚುನಾವಣೆ ಬಂದರೂ ಗಡಿ ನಾಕೆಯ ತಪಾಸಣೆ ನಮಗೂ ತಪ್ಪಿದ್ದಲ್ಲ.

ಇಂಥ ಹೊತ್ತಿನಲ್ಲಿ ಕನ್ನಡ ಸಂಘಗಳ ಸಭೆಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದು ಚುನಾವಣೆ ಸಮಯದಲ್ಲಿ ಕೇಳಿದರೆ ಅದು ಭಾಷೆಯ ಹೆಸರಿನ ಪ್ರಚಾರವಾಗುತ್ತದೆಯೇ? ರಾಜ್ಯೋತ್ಸವದ ಪೆಂಡಾಲಿನ ಖರ್ಚನ್ನು ಅಭ್ಯರ್ಥಿಯೊಬ್ಬರು ಕೊಡುತ್ತೇನೆ ಎಂದರೆ ತೆಗೆದುಕೊಳ್ಳಬಹುದೇ? ಸಂಘದ ಹೆಸರಿನಲ್ಲಿ ಕನ್ನಡ ಕರಪತ್ರ ಹಂಚಬಹುದೇ? ಉತ್ತರ ಗೊತ್ತಿಲ್ಲದ ಕಡೆ ಎರಡರಲ್ಲಿ ಒಂದು ಆಗುತ್ತದೆ. ಭಯಪಟ್ಟು ಸಂಘ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಇಲ್ಲವೇ ಹಣ ಕೊಟ್ಟವರ ಬ್ಯಾನರಿನ ಕೆಳಗೆ ನಿಲ್ಲುತ್ತದೆ. ಎರಡೂ ಕನ್ನಡಕ್ಕೆ ನಷ್ಟವೇ.

ಕಾನೂನಿನ ಸಾರವನ್ನು ಮೊದಲೇ ಹೇಳುವುದಾದರೆ ಇಷ್ಟು: ನಮ್ಮ ಭಾಷೆಯ ಹಕ್ಕಿನ ಬಗ್ಗೆ ಮಾತಾಡುವುದನ್ನು ಕಾನೂನು ತಡೆಯುವುದಿಲ್ಲ. ಒಬ್ಬ ಅಭ್ಯರ್ಥಿಯ ಪರವಾಗಿ ಲೆಕ್ಕಕ್ಕೆ ಸಿಗದಂತೆ ಹಣ ಸುರಿಯುವುದನ್ನು ತಡೆಯುತ್ತದೆ, ಅಥವಾ ತಡೆಯಲು ಯತ್ನಿಸುತ್ತದೆ. ಎಲ್ಲಿ ಅದು ಗಟ್ಟಿಯಾಗಿದೆ, ಎಲ್ಲಿ ಸೋರುತ್ತದೆ ಎಂಬುದನ್ನು ಮುಂದೆ ನೋಡೋಣ.

ವೆಚ್ಚದ ಮಿತಿ ಎಷ್ಟು?

ಸೊಲ್ಲಾಪುರ ಲೋಕಸಭಾ ಕ್ಷೇತ್ರದಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ: ಮೊಹೋಳ, ಸೊಲ್ಲಾಪುರ ನಗರ ಉತ್ತರ, ಸೊಲ್ಲಾಪುರ ನಗರ ಮಧ್ಯ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಮತ್ತು ಪಂಢರಪುರ. ಲೋಕಸಭಾ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲು. 2022ರ ಜನವರಿಯಲ್ಲಿ ಪರಿಷ್ಕರಿಸಿದ ಮಿತಿಯಂತೆ ಮಹಾರಾಷ್ಟ್ರ, ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. 2014ರಲ್ಲಿ ಇದು ಕ್ರಮವಾಗಿ 70 ಲಕ್ಷ ಮತ್ತು 28 ಲಕ್ಷ ಇತ್ತು.

ಸ್ಥಳೀಯ ಸಂಸ್ಥೆಗಳ ಚುನಾವಣೆ ಭಾರತ ಚುನಾವಣಾ ಆಯೋಗದ ಕೈಯಲ್ಲಿಲ್ಲ. ಅದು ರಾಜ್ಯ ಚುನಾವಣಾ ಆಯೋಗದ ಕೆಲಸ. ಸೊಲ್ಲಾಪುರ ಮಹಾನಗರ ಪಾಲಿಕೆಗೆ, ಅಕ್ಕಲಕೋಟ ನಗರ ಪರಿಷತ್ತಿಗೆ, ಜಿಲ್ಲಾ ಪರಿಷತ್ತಿಗೆ ಬೇರೆ ಬೇರೆ ಮಿತಿಗಳಿದ್ದು, ಆ ಆಯೋಗದ ಆದೇಶದಲ್ಲಿ ಅವು ಸಿಗುತ್ತವೆ. ಲೋಕಸಭೆಯ ನಿಯಮವನ್ನು ವಾರ್ಡ್ ಚುನಾವಣೆಗೆ ಹಚ್ಚಿ ನೋಡಬಾರದು.

ಲೆಕ್ಕ ಇಡುವ ಬಗೆ

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಂ ಪ್ರಕಾರ, ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆಯಾಗುವ ದಿನದವರೆಗೆ, ಆ ಎರಡೂ ದಿನ ಸೇರಿ, ಅಭ್ಯರ್ಥಿ ಪ್ರತಿಯೊಂದು ಖರ್ಚಿನ ಲೆಕ್ಕ ಇಡಬೇಕು. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ಇಡೀ ಚುನಾವಣೆಯಲ್ಲಿ 10,000 ರೂಪಾಯಿಗಿಂತ ಹೆಚ್ಚು ಕೊಡುವುದಿದ್ದರೆ ನಗದಾಗಿ ಕೊಡುವಂತಿಲ್ಲ. ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಬೇಕು.

ಚಹಾ, ನಾಷ್ಟಾ, ಊಟ, ಕುರ್ಚಿ, ಪೆಂಡಾಲು, ಧ್ವನಿವರ್ಧಕ, ಬಾಡಿಗೆ ಜೀಪು ಇವಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿ, ಎಂದರೆ ಜಿಲ್ಲಾಧಿಕಾರಿ, ಪಕ್ಷಗಳ ಜೊತೆ ಮಾತಾಡಿ ದರಪಟ್ಟಿ ನಿಗದಿ ಮಾಡುತ್ತಾರೆ. ನೂರು ಕುರ್ಚಿ ಹಾಕಿಸಿ ಹತ್ತು ಎಂದು ಬರೆದರೆ, ಅಥವಾ ‘ಗೆಳೆಯರು ಪುಕ್ಕಟೆ ಕೊಟ್ಟರು’ ಎಂದರೆ ನಡೆಯುವುದಿಲ್ಲ. ಸಭೆಗಳ ವಿಡಿಯೊ ತೆಗೆದ ತಂಡದ ವರದಿ ನೋಡಿ ಆಯೋಗದ ಸಿಬ್ಬಂದಿ ತಮ್ಮದೇ ಒಂದು ‘ನೆರಳು ಪುಸ್ತಕ’ ಇಟ್ಟಿರುತ್ತಾರೆ. ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಅಭ್ಯರ್ಥಿಯ ಪುಸ್ತಕವನ್ನು ಅದರ ಜೊತೆ ತಾಳೆ ನೋಡುತ್ತಾರೆ.

ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಸಲ್ಲಿಸಬೇಕು. ಇದು 78ನೇ ಕಲಂ. ಸರಿಯಾದ ಕಾರಣವಿಲ್ಲದೆ ಸಲ್ಲಿಸದಿದ್ದರೆ 10ಎ ಕಲಂ ಅಡಿ ಆಯೋಗ ಆ ವ್ಯಕ್ತಿಯನ್ನು ಮೂರು ವರ್ಷ ಅನರ್ಹಗೊಳಿಸಬಹುದು. ಮಿತಿ ಮೀರಿ ಖರ್ಚು ಮಾಡಿದ್ದು ಸಾಬೀತಾದರೆ ಅದು 123ನೇ ಕಲಂ ಪ್ರಕಾರ ‘ಭ್ರಷ್ಟ ಆಚರಣೆ’. ಗೆದ್ದ ಚುನಾವಣೆಯೇ ರದ್ದಾಗಬಹುದು.

ಕಾನೂನು ಸೋರುವ ಜಾಗ

ಇಷ್ಟೆಲ್ಲ ಬಿಗಿ ಇದ್ದರೂ ಹಣದ ಹೊಳೆ ನಿಂತಿಲ್ಲ, ಯಾಕೆ? ಏಕೆಂದರೆ ಮಿತಿ ಇರುವುದು ಅಭ್ಯರ್ಥಿಗೆ ಮಾತ್ರ. ಪಕ್ಷ ಎಷ್ಟು ಖರ್ಚು ಮಾಡಬೇಕೆಂಬುದಕ್ಕೆ ಮಿತಿಯೇ ಇಲ್ಲ.

ಇದರ ಹಿಂದೆ ಒಂದು ಕತೆಯಿದೆ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ನೇರ ಮಾತು ಹೇಳಿತು. ಅಭ್ಯರ್ಥಿಗೆ ಗೊತ್ತಿದ್ದೂ ಅವನ ಗೆಲುವಿಗಾಗಿ ಪಕ್ಷ ಖರ್ಚು ಮಾಡಿದರೆ, ಅವನು ಅದನ್ನು ಬೇಡ ಎನ್ನದಿದ್ದರೆ, ಅದು ಅವನ ಲೆಕ್ಕಕ್ಕೇ ಸೇರಬೇಕು ಎಂದಿತು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ನಂತರ ತಿದ್ದುಪಡಿ ಮಾಡಿ, 77ನೇ ಕಲಮಿಗೆ ಒಂದು ವಿವರಣೆ ಸೇರಿಸಿತು. ಪಕ್ಷವಾಗಲಿ ಗೆಳೆಯರಾಗಲಿ ಮಾಡಿದ ಖರ್ಚು ಅಭ್ಯರ್ಥಿಯ ಖರ್ಚಲ್ಲ ಎಂಬುದೇ ಆ ವಿವರಣೆ.

ಅದರ ಪರಿಣಾಮ ಏನೆಂದು ತಿಳಿಯಲು ಕರ್ನಾಟಕದ ಒಂದು ಪ್ರಕರಣ ಸಾಕು. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಿಂದ ಗೆದ್ದಿದ್ದ ಸಿ.ಕೆ. ಜಾಫರ್ ಷರೀಫ್ ಅವರ ಆಯ್ಕೆಯನ್ನು ಸಿ. ನಾರಾಯಣಸ್ವಾಮಿ ಪ್ರಶ್ನಿಸಿದ್ದರು. 1994ರಲ್ಲಿ ಸುಪ್ರೀಂ ಕೋರ್ಟ್, ಇದ್ದ ಕಾನೂನಿನ ಪ್ರಕಾರ ಸಮಾಜಘಾತುಕನೊಬ್ಬ ತನಗೆ ಬೇಕಾದ ಅಭ್ಯರ್ಥಿಗಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು, ಅದಕ್ಕೆ ಲೆಕ್ಕ ಕೇಳುವವರೇ ಇಲ್ಲ ಎಂಬ ಸ್ಥಿತಿಯನ್ನು ಖೇದದಿಂದ ಗುರುತಿಸಿತು.

2003ರಲ್ಲಿ ಈ ರಂಧ್ರವನ್ನು ಅರ್ಧ ಮುಚ್ಚಲಾಯಿತು. ಈಗ ಅಭ್ಯರ್ಥಿಯ ಹೆಸರಿನಲ್ಲಿ ಪಕ್ಷ ಅಥವಾ ಬೇರೆಯವರು ಅವನ ಒಪ್ಪಿಗೆಯಿಂದ ಮಾಡುವ ಖರ್ಚು ಅವನ ಲೆಕ್ಕಕ್ಕೆ ಬರುತ್ತದೆ. ಆದರೆ ಪಕ್ಷದ ಸಾಮಾನ್ಯ ಪ್ರಚಾರ ಮತ್ತು ತಾರಾ ಪ್ರಚಾರಕರ ಪ್ರಯಾಣ ವೆಚ್ಚ ಹೊರಗೇ ಉಳಿದಿವೆ. ಮಾನ್ಯತೆ ಪಡೆದ ಪಕ್ಷ ಇಂಥ 40 ಪ್ರಚಾರಕರನ್ನು ಹೆಸರಿಸಬಹುದು. ಹೆಲಿಕಾಪ್ಟರಿನಲ್ಲಿ ಬಂದಿಳಿದ ನಾಯಕರ ಪ್ರಯಾಣದ ಖರ್ಚು ಪಕ್ಷದ್ದು. ಅವರು ವೇದಿಕೆಯ ಮೇಲೆ ಅಭ್ಯರ್ಥಿಯ ಹೆಸರು ಹೇಳಿ ಮತ ಕೇಳಿದರೆ, ಅಥವಾ ಅಭ್ಯರ್ಥಿ ಅವರ ಪಕ್ಕದಲ್ಲಿ ಕೂತರೆ, ಆ ಸಭೆಯ ಖರ್ಚಿನ ಪಾಲು ಅಭ್ಯರ್ಥಿಯದು.

ಚುನಾವಣಾ ಬಾಂಡ್: ಗುಟ್ಟಿನ ದೇಣಿಗೆ ಬಿದ್ದುಹೋದದ್ದು ಹೇಗೆ?

ಪಕ್ಷದ ಖರ್ಚಿಗೆ ಮಿತಿಯಿಲ್ಲದ ಮೇಲೆ ಉಳಿಯುವ ಪ್ರಶ್ನೆ, ಆ ಹಣ ಯಾರದು ಎಂಬುದು. 2017ರ ಹಣಕಾಸು ಕಾಯ್ದೆಯ ಮೂಲಕ ಬಂದು 2018ರ ಜನವರಿಯಲ್ಲಿ ಜಾರಿಯಾದ ಚುನಾವಣಾ ಬಾಂಡ್ ಯೋಜನೆ ಈ ಪ್ರಶ್ನೆಗೆ ಪರದೆ ಎಳೆಯಿತು. ಸ್ಟೇಟ್ ಬ್ಯಾಂಕಿನಲ್ಲಿ 1,000 ರೂಪಾಯಿಯಿಂದ 1 ಕೋಟಿ ರೂಪಾಯಿವರೆಗಿನ ಬಾಂಡ್ ಕೊಂಡು ಪಕ್ಷಕ್ಕೆ ಕೊಡಬಹುದಿತ್ತು. ಕೊಟ್ಟವರ ಹೆಸರು ಮತದಾರನಿಗೆ ತಿಳಿಯುತ್ತಿರಲಿಲ್ಲ. ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಹಳೆಯ ಮಿತಿಯನ್ನೂ ತೆಗೆದುಹಾಕಲಾಗಿತ್ತು. 2024ರ ಜನವರಿವರೆಗೆ ಒಟ್ಟು 16,518 ಕೋಟಿ ರೂಪಾಯಿ ಮೊತ್ತದ ಬಾಂಡುಗಳು ಮಾರಾಟವಾದವು.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಮಾರ್ಚಿನಲ್ಲಿ ಯಾರು ಕೊಂಡರು, ಯಾವ ಪಕ್ಷಕ್ಕೆ ಹೋಯಿತು ಎಂಬ ಪಟ್ಟಿ ಆಯೋಗದ ಜಾಲತಾಣಕ್ಕೆ ಬಂತು. ತೀರ್ಪಿಗೆ ಆಧಾರವಾದದ್ದು ಸಂವಿಧಾನದ 19(1)(ಎ) ವಿಧಿ, ಎಂದರೆ ವಾಕ್ ಸ್ವಾತಂತ್ರ್ಯದ ವಿಧಿ. ಪಕ್ಷಕ್ಕೆ ಯಾರು ಹಣ ಕೊಟ್ಟರೆಂದು ತಿಳಿಯದೆ ಮತದಾರ ಸರಿಯಾದ ನಿರ್ಧಾರಕ್ಕೆ ಬರಲಾರ, ಆದ್ದರಿಂದ ತಿಳಿಯುವ ಹಕ್ಕು ವಾಕ್ ಸ್ವಾತಂತ್ರ್ಯದ ಭಾಗ ಎಂದು ಕೋರ್ಟ್ ಹೇಳಿತು.

ಹಣ ಖರ್ಚು ಮಾಡುವುದೂ ಮಾತೇ?

ಇಲ್ಲಿ ಅಮೆರಿಕದ ದಾರಿ ಬೇರೆ. 1976ರ ಬಕ್ಲಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪ್ರಚಾರಕ್ಕೆ ಹಣ ಖರ್ಚು ಮಾಡುವುದನ್ನು ಮಿತಿಗೊಳಿಸಿದರೆ ಮಾತನ್ನೇ ಮಿತಿಗೊಳಿಸಿದಂತೆ ಎಂದು ವೆಚ್ಚದ ಮಿತಿಯನ್ನು ಹೊಡೆದುಹಾಕಿತು. ದೇಣಿಗೆಯ ಮಿತಿಯನ್ನು ಮಾತ್ರ ಉಳಿಸಿತು. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಕಂಪನಿಗಳೂ ಕಾರ್ಮಿಕ ಸಂಘಗಳೂ ಅಭ್ಯರ್ಥಿಯಿಂದ ಸ್ವತಂತ್ರವಾಗಿ ಎಷ್ಟಾದರೂ ಖರ್ಚು ಮಾಡಬಹುದು ಎಂದಿತು. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳು ಟಿವಿಯಲ್ಲಿ ಕಾಣುವ ಜಾಹೀರಾತಿನ ಸುರಿಮಳೆಗೆ ಈ ತೀರ್ಪುಗಳೂ ಒಂದು ಕಾರಣ.

ನಮ್ಮಲ್ಲಿ ಅದೇ ವಾಕ್ ಸ್ವಾತಂತ್ರ್ಯದ ತತ್ವ ಹಣದ ಗುಟ್ಟನ್ನು ಬಯಲು ಮಾಡಲು ಬಳಕೆಯಾಯಿತು. 2002ರಲ್ಲಿ ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳ ವಿವರ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ, ಅದನ್ನು ಮೊಟಕುಗೊಳಿಸಲು ತಂದ ತಿದ್ದುಪಡಿಯನ್ನು 2003ರಲ್ಲಿ ತಳ್ಳಿಹಾಕಿದ್ದೂ ಇದೇ ವಿಧಿಯ ಮೇಲೆ. ನಾಮಪತ್ರದ ಜೊತೆ ಬರುವ ಪ್ರಮಾಣಪತ್ರ ನಮ್ಮ ಮೊಬೈಲಿನಲ್ಲಿ ಓದಲು ಸಿಗುವುದು ಆ ತೀರ್ಪುಗಳ ಫಲ.

ಭಾಷೆಯ ಹೆಸರಿನಲ್ಲಿ ಮತ, ಭಾಷೆಯ ಹಕ್ಕಿನ ಮಾತು

ಇದು ನಮಗೆ ಎಲ್ಲಕ್ಕಿಂತ ಹತ್ತಿರದ ವಿಷಯ. 123(3) ಕಲಂ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಆಧಾರದ ಮೇಲೆ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿ, ಅವನ ಏಜೆಂಟ್, ಅಥವಾ ಅವನ ಒಪ್ಪಿಗೆ ಪಡೆದ ಯಾರೇ ಕೇಳಿದರೂ ಇದು ಅನ್ವಯಿಸುತ್ತದೆ. ಹಾಗಾದರೆ ಕನ್ನಡದ ಮಾತೆತ್ತುವುದೇ ತಪ್ಪೇ? ಅಲ್ಲ.

1962ರ ಲೋಕಸಭಾ ಚುನಾವಣೆಯಲ್ಲಿ ಈಗಿನ ಹರಿಯಾಣಕ್ಕೆ ಸೇರಿದ ಝಜ್ಜರ್ ಕ್ಷೇತ್ರದಿಂದ ಜಗದೇವ್ ಸಿಂಗ್ ಸಿದ್ಧಾಂತಿ ಗೆದ್ದಿದ್ದರು. ಹಿಂದಿಯ ಪರ ಚಳವಳಿಯ ಹೆಸರಿನಲ್ಲಿ ಮತ ಕೇಳಿದರೆಂದು ಹೈಕೋರ್ಟ್ ಆಯ್ಕೆಯನ್ನು ರದ್ದು ಮಾಡಿತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಸಂವಿಧಾನದ 29(1) ವಿಧಿ ಪ್ರತಿಯೊಂದು ಸಮುದಾಯಕ್ಕೂ ತನ್ನ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ, ಆ ಹಕ್ಕಿನಲ್ಲಿ ಭಾಷೆಯ ರಕ್ಷಣೆಗಾಗಿ ಚಳವಳಿ ಮಾಡುವ ಹಕ್ಕೂ ಸೇರಿದೆ, ಅಂಥ ಚಳವಳಿಗೆ ಕೆಲಸ ಮಾಡುತ್ತೇನೆಂದು ಮತದಾರರಿಗೆ ಮಾತು ಕೊಡುವುದು ಭ್ರಷ್ಟ ಆಚರಣೆಯಲ್ಲ ಎಂದಿತು.

2017ರ ಜನವರಿ 2ರಂದು ಬಂದ ಅಭಿರಾಮ್ ಸಿಂಗ್ ತೀರ್ಪು ಇನ್ನೊಂದು ತುದಿ. 1990ರ ಮುಂಬೈ ಸಾಂತಾಕ್ರೂಜ್ ಚುನಾವಣೆಯಿಂದ ಹುಟ್ಟಿದ ಈ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4-3 ಬಹುಮತದಿಂದ, ಅಭ್ಯರ್ಥಿಯ ಭಾಷೆಯಷ್ಟೇ ಅಲ್ಲ, ಮತದಾರನ ಭಾಷೆ, ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದೂ ತಪ್ಪು ಎಂದಿತು. ಅಲ್ಪಮತದ ಮೂವರು ನ್ಯಾಯಮೂರ್ತಿಗಳ ಕಳವಳ ಬೇರೆಯಿತ್ತು. ಭಾಷೆ, ಜಾತಿಯ ಕಾರಣಕ್ಕೆ ಅನ್ಯಾಯಕ್ಕೊಳಗಾದವರ ನಿಜವಾದ ಅಹವಾಲನ್ನು ಚುನಾವಣೆಯಲ್ಲಿ ಚರ್ಚಿಸುವುದಕ್ಕೇ ಇದರಿಂದ ಅಡ್ಡಿಯಾಗಬಾರದು ಎಂಬುದು ಅವರ ನಿಲುವು.

ಎರಡನ್ನೂ ಎದುರಿಗಿಟ್ಟುಕೊಂಡು ನಡೆಯುವ ಸಂಘಕ್ಕೆ ದಾರಿ ಹೀಗೆ ಕಾಣುತ್ತದೆ. ‘ಇವರು ಕನ್ನಡಿಗರು, ಕನ್ನಡಿಗರೆಲ್ಲ ಇವರಿಗೇ ಮತ ಹಾಕಿ’ ಎಂಬುದು ಅಪಾಯದ ಮಾತು. ‘ನಮ್ಮ ಕನ್ನಡ ಶಾಲೆಗೆ ಶಿಕ್ಷಕರನ್ನು ಕೊಡಿ, ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರಲಿ, ಸರ್ಕಾರಿ ಸೂಚನೆಗಳು ಕನ್ನಡದಲ್ಲೂ ಸಿಗಲಿ’ ಎಂದು ಎಲ್ಲ ಅಭ್ಯರ್ಥಿಗಳ ಮುಂದೆಯೂ ಇಡುವುದು ಬೇಡಿಕೆಯ ಮಾತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಸಂವಿಧಾನದ 350ಎ ವಿಧಿಯಲ್ಲೇ ಇದೆ. ಅದನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಮರಾಠಿ ಮಾತಾಡುವ ನೆರೆಹೊರೆಯವರ ವಿರುದ್ಧ ದ್ವೇಷ ಹುಟ್ಟಿಸುವ ಮಾತಿಗೆ 125ನೇ ಕಲಂ ಇದೆ. ಅದು ಅಭ್ಯರ್ಥಿಗಷ್ಟೇ ಅಲ್ಲ, ಯಾರಿಗಾದರೂ ಅನ್ವಯಿಸುತ್ತದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ.

ಠೇವಣಿಯ ಕತೆ: ಬೆಳಗಾವಿ, 1996

ಗಡಿ ವಿವಾದ, ವಾಕ್ ಸ್ವಾತಂತ್ರ್ಯ ಮತ್ತು ಹಣ ಮೂರೂ ಒಂದೇ ಮತಪತ್ರದಲ್ಲಿ ಸೇರಿದ ಪ್ರಸಂಗ ನಮ್ಮ ಗಡಿಯಲ್ಲೇ ನಡೆದಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಗಡಿ ಪ್ರಶ್ನೆಯತ್ತ ದೇಶದ ಗಮನ ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿಯ ಕಡೆಯವರು ರಾಶಿ ರಾಶಿಯಾಗಿ ನಾಮಪತ್ರ ಹಾಕಿದ್ದರು. ಅದೇ ವರ್ಷ ನಲ್ಗೊಂಡದಲ್ಲಿ 480 ಮಂದಿ ನಿಂತಿದ್ದರು. ಆಗ ಲೋಕಸಭೆಗೆ ಠೇವಣಿ ಕೇವಲ 500 ರೂಪಾಯಿ.

ಅದೇ ವರ್ಷ ಕಾನೂನು ತಿದ್ದಿ ಠೇವಣಿಯನ್ನು 10,000 ರೂಪಾಯಿಗೆ ಏರಿಸಲಾಯಿತು. ಪಕ್ಷೇತರರಿಗೆ ಹತ್ತು ಸೂಚಕರು ಬೇಕೆಂಬ ನಿಯಮ ಬಂತು. ಈಗ ಲೋಕಸಭೆಗೆ 25,000, ವಿಧಾನಸಭೆಗೆ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಸೊಲ್ಲಾಪುರ ಲೋಕಸಭೆ ಮೀಸಲು ಕ್ಷೇತ್ರವಾದ್ದರಿಂದ ಅಲ್ಲಿ ಎಲ್ಲ ಅಭ್ಯರ್ಥಿಗಳಿಗೂ 12,500 ರೂಪಾಯಿಯೇ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ಬಾರದಿದ್ದರೆ ಠೇವಣಿ ಮುಟ್ಟುಗೋಲು.

ಆ ಚಳವಳಿಯ ಬೇಡಿಕೆಗೂ ನಮಗೂ ಹೊಂದಿಕೆಯಿಲ್ಲದಿರಬಹುದು. ಆದರೂ ಒಂದು ಸಂಗತಿ ಗಮನಿಸಬೇಕು. ಉದ್ದ ಮತಪತ್ರದ ತೊಂದರೆ ತಪ್ಪಿಸಲು ಏರಿಸಿದ ಠೇವಣಿ, ಹಣವಿಲ್ಲದ ಸಣ್ಣ ಗುಂಪಿನ ಪ್ರತಿಭಟನೆಗೂ ಬೆಲೆ ಕಟ್ಟಿತು. ಕೋಟಿ ಖರ್ಚು ಮಾಡುವವನಿಗೆ 25,000 ಲೆಕ್ಕಕ್ಕಿಲ್ಲ. ಕೂಲಿಕಾರ ಅಭ್ಯರ್ಥಿಗೆ ಅದು ತಿಂಗಳುಗಟ್ಟಲೆಯ ಸಂಪಾದನೆ.

ಪತ್ರಿಕೆ, ಕಾಸಿಗಾಗಿ ಸುದ್ದಿ, ಸುಳ್ಳು ಆರೋಪ

2009ರ ವಿಧಾನಸಭಾ ಚುನಾವಣೆಯಲ್ಲಿ ನಾಂದೇಡ ಜಿಲ್ಲೆಯ ಭೋಕರ್ ಕ್ಷೇತ್ರದಿಂದ ಅಶೋಕ್ ಚವಾಣ್ ಗೆದ್ದರು. ಆ ಸಮಯದಲ್ಲಿ ಮರಾಠಿ ಪತ್ರಿಕೆಗಳಲ್ಲಿ ಅವರನ್ನು ಹೊಗಳುವ ಪುಟಗಟ್ಟಲೆ ಬರಹ ಬಂದಿದ್ದವು. ಅವರ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿಗೆ ತೋರಿಸಿದ್ದ ಖರ್ಚು 5,379 ರೂಪಾಯಿ. ಪತ್ರಕರ್ತ ಪಿ. ಸಾಯಿನಾಥ್ ಈ ವಿಷಯ ಬರೆದ ಮೇಲೆ ಅದು ಆಯೋಗದ ಮುಂದೆ ಹೋಯಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಲೆಕ್ಕ ಸಲ್ಲಿಸಿದ್ದಾರೋ ಇಲ್ಲವೋ ಎಂಬುದಷ್ಟೇ ಅಲ್ಲ, ಆ ಲೆಕ್ಕ ನಿಜವೋ ಎಂದು ವಿಚಾರಿಸುವ ಅಧಿಕಾರವೂ ಆಯೋಗಕ್ಕಿದೆ ಎಂದಿತು. ಆಯೋಗ ನೋಟಿಸು ಕೊಟ್ಟಿತು. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆಯೋಗದ ಆದೇಶವನ್ನು ರದ್ದು ಮಾಡಿತು. ಹಣ ಕೊಟ್ಟು ಬರೆಸಿದ್ದೆಂದು ಸಾಬೀತು ಮಾಡುವುದು ಎಷ್ಟು ಕಷ್ಟ ಎಂಬುದಕ್ಕೆ ಇದು ಉದಾಹರಣೆ. ಈಗ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇದ್ದು, ಸುದ್ದಿಯ ವೇಷದಲ್ಲಿ ಬಂದ ಜಾಹೀರಾತನ್ನು ಗುರುತಿಸಿ ಅಭ್ಯರ್ಥಿಯ ಲೆಕ್ಕಕ್ಕೆ ಹಚ್ಚುವುದು ಅದರ ಕೆಲಸಗಳಲ್ಲಿ ಒಂದು.

ಎದುರಾಳಿ ಹಣ ಹಂಚುತ್ತಿದ್ದಾನೆ ಎಂಬ ಮಾತಿಗೂ ಆಧಾರ ಬೇಕು. 1991ರಲ್ಲಿ ನಮ್ಮ ಪಕ್ಕದ ಅಹ್ಮದನಗರ ಲೋಕಸಭಾ ಕ್ಷೇತ್ರದಲ್ಲಿ ಯಶವಂತರಾವ್ ಗಡಾಖ್ ಅವರು ಬಾಳಾಸಾಹೇಬ ವಿಖೆ ಪಾಟೀಲರ ವಿರುದ್ಧ ಗೆದ್ದರು. ವಿಖೆ ಪಾಟೀಲರು ಭಾರಿ ಹಣ ಚೆಲ್ಲಿ ಗೆಲ್ಲಲು ಹೊರಟಿದ್ದಾರೆ ಎಂದು ಪ್ರಚಾರ ಭಾಷಣದಲ್ಲಿ ಮಾಡಿದ ಆರೋಪ ಸುಳ್ಳು, ಚಾರಿತ್ರ್ಯಹನನ ಎಂದು ಸಾಬೀತಾಗಿ ಗಡಾಖರ ಆಯ್ಕೆಯೇ ಅಸಿಂಧುವಾಯಿತು. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂಥವರು ಮತಕ್ಕೆ ಇಷ್ಟು ಕೊಟ್ಟರಂತೆ’ ಎಂದು ದಾಟಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಸಾಕ್ಷಿ ಇದ್ದರೆ ದೂರು ಕೊಡೋಣ.

ಸಂಘ ಸಂಸ್ಥೆಗಳು ಗಮನಿಸಬೇಕಾದ್ದು

ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಖರ್ಚು ಬೇಡ. ಒಬ್ಬ ಅಭ್ಯರ್ಥಿಯ ಗೆಲುವಿಗಾಗಿ, ಅವನ ಬರಹದ ಅಧಿಕಾರವಿಲ್ಲದೆ ಸಭೆ, ಜಾಹೀರಾತು, ಕರಪತ್ರ ಇತ್ಯಾದಿಗೆ ಖರ್ಚು ಮಾಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಪ್ರಕಾರ ಅಪರಾಧ. ದಂಡ 10,000 ರೂಪಾಯಿವರೆಗೆ. ಹಳೆಯ ದಂಡಸಂಹಿತೆಯಲ್ಲಿ ಇದು 500 ರೂಪಾಯಿ ಇತ್ತು. ಒಪ್ಪಿಗೆ ಇದ್ದರೆ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಹೋಗುತ್ತದೆ. ಸದಸ್ಯರ ವಂತಿಗೆಯಿಂದ ನಡೆಯುವ ಸಂಘ ಯಾವ ಅಭ್ಯರ್ಥಿಗೂ ಹಣ ವಿನಿಯೋಗಿಸದಿರುವುದೇ ಸರಳ ಮಾರ್ಗ.

ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲಿ. 127ಎ ಕಲಂ ಪ್ರಕಾರ ಚುನಾವಣಾ ಕರಪತ್ರ, ಪೋಸ್ಟರಿನ ಮೇಲೆ ಎರಡೂ ಹೆಸರು ವಿಳಾಸ ಕಡ್ಡಾಯ. ಪ್ರಕಾಶಕರು ಇಬ್ಬರು ಪರಿಚಿತರ ಸಾಕ್ಷಿಯೊಂದಿಗೆ ಘೋಷಣೆ ಬರೆದುಕೊಡಬೇಕು, ಮುದ್ರಕರು ಪ್ರತಿಯನ್ನು ಅಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕನ್ನಡ ಅಚ್ಚಿನ ಅನುಕೂಲಕ್ಕೆ ವಿಜಯಪುರ, ಕಲಬುರಗಿಯಲ್ಲಿ ಮುದ್ರಿಸಿ ತಂದರೂ ನಿಯಮ ಇದೇ.

ಮಠ, ಮಂದಿರ, ದರ್ಗಾಗಳ ಆವರಣ ಪ್ರಚಾರಕ್ಕಲ್ಲ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಧಾರ್ಮಿಕ ಸಂಸ್ಥೆಯ ಜಾಗವನ್ನೂ ನಿಧಿಯನ್ನೂ ರಾಜಕೀಯಕ್ಕೆ ಬಳಸುವುದನ್ನು ನಿಷೇಧಿಸುತ್ತದೆ. ಧಾರ್ಮಿಕ ಮುಖಂಡರು ಚುನಾವಣೆಗೆ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ನಮ್ಮ ಎಷ್ಟೋ ಕನ್ನಡ ಕಾರ್ಯಕ್ರಮಗಳು ಮಠದ ಸಭಾಭವನಗಳಲ್ಲಿ ನಡೆಯುವುದರಿಂದ ಆಯೋಜಕರು ಎಚ್ಚರ ವಹಿಸಬೇಕು.

ಕಾರ್ಯಕ್ರಮದ ಪ್ರಾಯೋಜಕರ ವಿಷಯ. ನಾಮಪತ್ರ ಸಲ್ಲಿಕೆಯಾದ ಮೇಲೆ ಅಭ್ಯರ್ಥಿಯ ಬ್ಯಾನರ್ ಹಾಕಿ, ವೇದಿಕೆಯಲ್ಲಿ ಮತ ಕೇಳಿಸಿದರೆ ರಾಜ್ಯೋತ್ಸವವೂ ಅವನ ಪ್ರಚಾರ ಸಭೆ ಎನಿಸಿಕೊಳ್ಳುತ್ತದೆ, ಖರ್ಚೂ ಅವನ ಲೆಕ್ಕಕ್ಕೆ ಬರುತ್ತದೆ. ಮತ ಬರಲೆಂದು ಸೀರೆ, ಪಾತ್ರೆ, ನಗದು ಹಂಚಿದರೆ ಅದು ಲಂಚ. 170 ಮತ್ತು 173ನೇ ಕಲಂ ಅಡಿ ಒಂದು ವರ್ಷದವರೆಗೆ ಶಿಕ್ಷೆ. ಕೊಟ್ಟವನಷ್ಟೇ ಅಲ್ಲ, ತೆಗೆದುಕೊಂಡವನೂ ಅಪರಾಧಿ.

ಚರ್ಚೆಗೆ ಎಲ್ಲರನ್ನೂ ಕರೆಯಿರಿ. ಕಣದಲ್ಲಿರುವ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪತ್ರ, ಒಂದೇ ಪ್ರಶ್ನಾವಳಿ, ಸಮಾನ ಸಮಯ ಕೊಟ್ಟು ಸಂವಾದ ನಡೆಸುವುದು ಯಾರೊಬ್ಬರ ಪರ ಪ್ರಚಾರವಲ್ಲ. ಸಭೆಗೆ ಬೇಕಾದ ಪರವಾನಗಿ ಮೊದಲೇ ಪಡೆಯಬೇಕು. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಚುನಾವಣಾ ಸಭೆ ಬೇಡ. ಅಭ್ಯರ್ಥಿಗಳು ಕೊಟ್ಟ ಉತ್ತರವನ್ನು ಬರೆದಿಟ್ಟು, ಗೆದ್ದವರ ಮುಂದೆ ಮರುವರ್ಷ ಅದನ್ನೇ ಇಡುವುದು ಸಂಘ ಮಾಡಬಹುದಾದ ಅತಿ ಉಪಯುಕ್ತ ಕೆಲಸ.

ಗಡಿ ನಾಕೆಯಲ್ಲಿ ನಗದು ಹಣ

ನೀತಿ ಸಂಹಿತೆ ಜಾರಿಯಾದ ಕೂಡಲೇ ಸಂಚಾರಿ ದಳಗಳೂ ಸ್ಥಿರ ತಪಾಸಣಾ ತಂಡಗಳೂ ಅಕ್ಕಲಕೋಟ, ಅಫಜಲಪುರ, ಇಂಡಿ ರಸ್ತೆಗಳಲ್ಲಿ ನಿಲ್ಲುತ್ತವೆ. ಅಭ್ಯರ್ಥಿ, ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತರ ವಾಹನದಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು, ಅಥವಾ ಹಂಚಲು ಬಳಸಬಹುದಾದ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತುಗಳು ಸಿಕ್ಕರೆ ವಶಕ್ಕೆ ಪಡೆಯಬಹುದು. 10 ಲಕ್ಷಕ್ಕಿಂತ ಹೆಚ್ಚು ನಗದು ಸಿಕ್ಕರೆ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತಾರೆ.

ಸಾಮಾನ್ಯ ಜನರಿಗೆ ತೊಂದರೆ ಬರುವುದು ಇಲ್ಲೇ. ತೊಗರಿ ಮಾರಿದ ಹಣ, ಮದುವೆಗೆ ಬಂಗಾರ ಕೊಳ್ಳಲು ಒಯ್ಯುವ ಹಣ, ಆಸ್ಪತ್ರೆಯ ಹಣ ಹಿಡಿದು ಹೋಗುವಾಗ ಅಡತಿ ಅಂಗಡಿಯ ಪಟ್ಟಿ, ಬ್ಯಾಂಕಿನಿಂದ ತೆಗೆದ ಚೀಟಿ, ಲಗ್ನಪತ್ರಿಕೆ, ಆಸ್ಪತ್ರೆಯ ಕಾಗದ ಇಂಥ ಆಧಾರ ಜೊತೆಗಿರಲಿ. ಹಣ ಹಿಡಿದರೆ ಜಪ್ತಿಯ ದಾಖಲೆ ಕೇಳಿ ಪಡೆಯಿರಿ. ಪ್ರತಿ ಜಿಲ್ಲೆಯಲ್ಲೂ ಮೂವರು ಅಧಿಕಾರಿಗಳ ಅಹವಾಲು ಸಮಿತಿ ಇರುತ್ತದೆ. ಹಣಕ್ಕೂ ಚುನಾವಣೆಗೂ ಸಂಬಂಧವಿಲ್ಲ ಎಂದು ತೋರಿಸಿದರೆ ಬಿಡುಗಡೆಗೆ ಆದೇಶ ಮಾಡುವುದು ಅದರ ಕೆಲಸ. ಯಾವ ರಾಜ್ಯದ ನಾಕೆಯಲ್ಲಿ ಹಿಡಿದರೋ ಆ ಜಿಲ್ಲೆಯ ಸಮಿತಿಗೇ ಅರ್ಜಿ ಕೊಡಬೇಕು.

ಮತದಾರರ ಕೈಯಲ್ಲಿರುವ ಉಪಾಯಗಳು

ಆಮಿಷ ಕಣ್ಣಿಗೆ ಬಿದ್ದರೆ ಸಿ-ವಿಜಿಲ್ ಆ್ಯಪಿನಲ್ಲಿ ಚಿತ್ರ ಅಥವಾ ವಿಡಿಯೊ ತೆಗೆದು ಕಳಿಸಬಹುದು. ಹೆಸರು ಹೇಳದೆಯೂ ದೂರು ಕೊಡಬಹುದು. ಇಂಥ ದೂರುಗಳಿಗೆ ಬೆಲೆಯಿಲ್ಲ ಎಂದುಕೊಳ್ಳಬಾರದು. 2018ರಲ್ಲಿ ಬೆಂಗಳೂರಿನ ಜಾಲಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕಾಗ ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನೇ ಆಯೋಗ ಮುಂದೂಡಿತು. 2019ರಲ್ಲಿ ಹಣದ ಪ್ರಭಾವದ ಕಾರಣಕ್ಕೆ ವೆಲ್ಲೂರು ಲೋಕಸಭಾ ಚುನಾವಣೆ ರದ್ದಾಯಿತು.

ಗೆದ್ದವರ ಆಯ್ಕೆಯನ್ನು ಪ್ರಶ್ನಿಸುವುದಿದ್ದರೆ ಫಲಿತಾಂಶದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಕ್ಷೇತ್ರದ ಯಾವ ಮತದಾರನೂ ಹಾಕಬಹುದು. ಇದು ವಿಧಾನಸಭೆ, ಲೋಕಸಭೆಗೆ ಸಂಬಂಧಿಸಿದ ನಿಯಮ.

ಕೊನೆಯದಾಗಿ, ಹೆಚ್ಚಿನವರಿಗೆ ಗೊತ್ತಿರದ ಒಂದು ಹಕ್ಕು. 1961ರ ಚುನಾವಣಾ ನಿಯಮಗಳ 88ನೇ ನಿಯಮದ ಪ್ರಕಾರ, ಅಭ್ಯರ್ಥಿಗಳು ಸಲ್ಲಿಸಿದ ವೆಚ್ಚದ ಲೆಕ್ಕವನ್ನು ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ನೋಡಬಹುದು. ನಿಗದಿತ ಶುಲ್ಕ ಕೊಟ್ಟರೆ ದೃಢೀಕೃತ ಪ್ರತಿಯೂ ಸಿಗುತ್ತದೆ. ಅಕ್ಕಲಕೋಟದ ಪೇಟೆಯಲ್ಲಿ ನೀವು ಕಣ್ಣಾರೆ ಕಂಡ ಸಭೆ, ಕುರ್ಚಿ, ಜೀಪು, ಊಟದ ಪಂಕ್ತಿ ಆ ಪುಸ್ತಕದಲ್ಲಿ ಇವೆಯೇ ಇಲ್ಲವೇ ಎಂದು ತಾಳೆ ನೋಡಲು ವಕೀಲರೂ ಬೇಕಿಲ್ಲ, ಪಕ್ಷವೂ ಬೇಕಿಲ್ಲ. ಮುಂದಿನ ವಿಧಾನಸಭಾ ಅಥವಾ ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಒಂದು ತಿಂಗಳು ಕಳೆದ ಮೇಲೆ ನಮ್ಮ ಸದಸ್ಯರಲ್ಲಿ ನಾಲ್ಕಾರು ಜನರಾದರೂ ಸೊಲ್ಲಾಪುರದ ಆ ಕಚೇರಿಗೆ ಹೋಗಿ ಪುಟ ತಿರುವಿ ನೋಡಿ ಬರಲಿ.